ಎರಡು ಮನೆಗಳ ಹದಿಮೂರು ಸಾಧನಗಳು: ನವೀಕರಣವನ್ನು ನಾನು ನಿಭಾಯಿಸಿದ ಬಗೆ

ಬೆಂಗಳೂರಿನ ನಮ್ಮ ಮನೆಯಲ್ಲಿ ನಾಲ್ಕು ಲ್ಯಾಪ್‌ಟಾಪ್, ಮೂರು ಫೋನ್, ಒಂದು ಟಿ.ವಿ. ಮತ್ತು ಒಂದು ವೈಫೈ ರೌಟರ್ ಇವೆ. ತೀರ್ಥಹಳ್ಳಿ ಸಮೀಪದ ಊರಿನ ಮನೆಯಲ್ಲಿ ಅಪ್ಪಯ್ಯನ ಡೆಸ್ಕ್‌ಟಾಪ್, ಅಪ್ಪಯ್ಯ ಮತ್ತು ಅಮ್ಮನ ಫೋನ್‌ಗಳು, ಇನ್ನೊಂದು ರೌಟರ್ ಇವೆ. ಈ ಹದಿಮೂರೂ ಸಾಧನಗಳ ನವೀಕರಣದ, ಅಂದರೆ ಅವುಗಳ ತಂತ್ರಾಂಶದ ಅಪ್‌ಡೇಟಿನ, ಹೊಣೆಯನ್ನು 2019ರ ಮಳೆಗಾಲದಿಂದ ನಾನೇ ಹೊತ್ತಿದ್ದೇನೆ. ನಾನು ಲೆಕ್ಕಪತ್ರದ ಕೆಲಸದವನು. ಕಂಪ್ಯೂಟರ್ ವಿದ್ಯೆಯನ್ನು ಕ್ರಮವಾಗಿ ಓದಿದವನಲ್ಲ. ಆದರೆ ಅಪ್ಪಯ್ಯನ ಡೆಸ್ಕ್‌ಟಾಪ್ ಆ ವರ್ಷ ಕೈಕೊಟ್ಟ ಮೇಲೆ, ಇದು ತಾನಾಗಿಯೇ ನಡೆಯಲಿ ಎಂದು ಬಿಟ್ಟುಬಿಡುವ ಕೆಲಸವಲ್ಲ ಎಂಬುದು ನನಗೆ ಖಚಿತವಾಯಿತು.

ಅಪ್ಪಯ್ಯ ಊರಿನ ಸಹಕಾರ ಸಂಘದ ನಡಾವಳಿ ಮತ್ತು ವಾರ್ಷಿಕ ವರದಿಗಳನ್ನು ಹಲವು ವರ್ಷಗಳಿಂದ ತಾವೇ ಟೈಪ್ ಮಾಡುತ್ತಾರೆ. ನವೀಕರಣ ಸಿದ್ಧವಾಗಿದೆ ಎಂಬ ಸೂಚನೆ ಪರದೆಯ ಮೇಲೆ ಬಂದಾಗಲೆಲ್ಲ ಅವರು ತಿಂಗಳುಗಟ್ಟಲೆ ಅದನ್ನು ಮುಂದಕ್ಕೆ ಹಾಕುತ್ತ ಬಂದಿದ್ದರು. ಹಾಗೆ ಮಾಡಿ ಎಂದು ಹೇಳಿಕೊಟ್ಟವನೂ ನಾನೇ. ಕೊನೆಗೆ ಜುಲೈ ತಿಂಗಳ ಒಂದು ಸಂಜೆ, ಅವರು ಕಂಪ್ಯೂಟರನ್ನು ಬಂದ್ ಮಾಡಲು ಹೋದಾಗ ದೊಡ್ಡ ನವೀಕರಣವೊಂದು ಶುರುವಾಯಿತು. ಅರ್ಧ ದಾರಿಯಲ್ಲಿರುವಾಗ ಗಾಳಿಮಳೆಗೆ ಕರೆಂಟು ಹೋಯಿತು. ಯುಪಿಎಸ್‌ನ ಬ್ಯಾಟರಿ ಹಳತಾಗಿ ಎರಡು ನಿಮಿಷವೂ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಮರುದಿನ ಬೆಳಿಗ್ಗೆ ಯಂತ್ರ ಏಳಲೇ ಇಲ್ಲ. ಮುಂದಿನ ಭಾನುವಾರವೇ ಸಂಘದ ಸಾಮಾನ್ಯ ಸಭೆಯಿತ್ತು.

ನಾನು ಅಂದು ರಾತ್ರಿಯ ಬಸ್ಸಿನಲ್ಲಿ ಊರಿಗೆ ಹೋದೆ. ಪೆನ್‌ಡ್ರೈವ್‌ನಿಂದಲೇ ನಡೆಯುವ ಲಿನಕ್ಸ್ ಮಿಂಟ್ (ವಿಂಡೋಸಿನ ಬದಲು ಬಳಸುವ ಉಚಿತ ವ್ಯವಸ್ಥೆ) ಹಾಕಿ ಯಂತ್ರವನ್ನು ಎಬ್ಬಿಸಿ, ಹಾರ್ಡ್ ಡಿಸ್ಕಿನಲ್ಲಿದ್ದ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡು, ಆಮೇಲೆ ವಿಂಡೋಸ್ 10 ಅನ್ನು ಹೊಸದಾಗಿ ಹಾಕಿದೆ. ಕಡತಗಳೆಲ್ಲ ಸಿಕ್ಕವು, ಆದರೆ ತೆರೆದರೆ ಓದಲಾಗಲಿಲ್ಲ. ಕನ್ನಡದಲ್ಲಿ ಕೆಲಸ ಮಾಡುವ ಮನೆಗಳಿಗೆ ಈ ತೊಂದರೆ ಈಗಲೂ ಬರುತ್ತಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಪ್ಪಯ್ಯನ ಹಳೆಯ ವರದಿಗಳು ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಹಿಂದಿನ ಪದ್ಧತಿಯವು. ಅಂದರೆ ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ ಇದ್ದು, ನುಡಿಯ ಫಾಂಟ್ ಅವುಗಳಿಗೆ ಕನ್ನಡದ ರೂಪ ಕೊಡುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಕಡತ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣಿಸುತ್ತದೆ. ನಂತರದ ಕೆಲವು ಕಡತಗಳು, ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ನಲ್ಲಿದ್ದವು, ಆದರೆ ಅವುಗಳ ಪುಟವಿನ್ಯಾಸವನ್ನು ತುಂಗಾ ಫಾಂಟಿಗೆ ಹೊಂದಿಸಲಾಗಿತ್ತು. ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಕನ್ನಡಕ್ಕೆ ನಿರ್ಮಲಾ ಯುಐ ಫಾಂಟ್ ಇರುತ್ತದೆ. ತುಂಗಾ ಬೇಕಾದರೆ ಸೆಟ್ಟಿಂಗ್ಸ್‌ನ ಐಚ್ಛಿಕ ಸೌಲಭ್ಯಗಳ ಪಟ್ಟಿಯಲ್ಲಿರುವ ಕನ್ನಡದ ಪೂರಕ ಫಾಂಟ್‌ಗಳನ್ನು ನಾವೇ ಸೇರಿಸಿಕೊಳ್ಳಬೇಕು. ಇದನ್ನು ತಿಳಿಯಲು ನನಗೆ ಅರ್ಧ ದಿನ ಹಿಡಿಯಿತು. ಅಂದಿನಿಂದ ನುಡಿಯ ಫಾಂಟ್‌ಗಳು, ಅದರ ಸ್ಥಾಪನೆಯ ಕಡತ ಮತ್ತು ಪ್ರಿಂಟರಿನ ಡ್ರೈವರ್ ಇರುವ ಒಂದು ಪೆನ್‌ಡ್ರೈವ್ ಅಪ್ಪಯ್ಯನ ಮೇಜಿನ ಖಾನೆಯಲ್ಲಿ ಸದಾ ಇರುತ್ತದೆ.

ಆ ಪ್ರಯಾಣದಿಂದ ಮರಳಿದ ಮೇಲೆ ನಾನು ಮೊದಲು ಮಾಡಿದ ಕೆಲಸ ನೂರು ಪುಟದ ಒಂದು ನೋಟ್‌ಬುಕ್ ಕೊಂಡು ಪ್ರತಿ ಸಾಧನಕ್ಕೂ ಎರಡೆರಡು ಪುಟ ಮೀಸಲಿಟ್ಟದ್ದು. ಸಾಧನ ಕೊಂಡ ವರ್ಷ, ಅದರ ಕಾರ್ಯಾಚರಣಾ ವ್ಯವಸ್ಥೆ, ಅದಕ್ಕೆ ಭದ್ರತಾ ಬೆಂಬಲ ಮುಗಿಯುವ ದಿನಾಂಕ, ಕೊನೆಯ ಬ್ಯಾಕಪ್ (ಕಡತಗಳ ನಕಲು) ಯಾವಾಗ, ಕೊನೆಯ ನವೀಕರಣ ಯಾವಾಗ ಎಂಬುದನ್ನು ಅದರಲ್ಲಿ ಕೈಯಿಂದಲೇ ಬರೆಯುತ್ತೇನೆ. ಯಂತ್ರ ಕೆಟ್ಟಾಗ ಬೇಕಾಗುವ ಮಾಹಿತಿ ಅದೇ ಯಂತ್ರದೊಳಗಿದ್ದರೆ ಉಪಯೋಗವಿಲ್ಲ.

ಎರಡನೆಯದಾಗಿ, ಎಲ್ಲ ನವೀಕರಣಗಳನ್ನೂ ಒಂದೇ ಬಗೆಯಾಗಿ ಕಾಣುವುದನ್ನು ಬಿಟ್ಟೆ. ಭದ್ರತೆಯ ದೋಷಗಳನ್ನು ಮುಚ್ಚುವ ತಿಂಗಳ ನವೀಕರಣ ಬೇರೆ; ಹೊಸ ಸೌಲಭ್ಯಗಳನ್ನು ತಂದು ಇಡೀ ವ್ಯವಸ್ಥೆಯ ಆವೃತ್ತಿಯನ್ನೇ ಬದಲಿಸುವ ದೊಡ್ಡ ನವೀಕರಣ ಬೇರೆ. ಮೊದಲನೆಯದನ್ನು ತಡಮಾಡಬಾರದು, ಎರಡನೆಯದಕ್ಕೆ ಅವಸರಪಡಬಾರದು. ಹೀಗೆ ವಿಂಗಡಿಸಲು ನನಗೆ ಎರಡು ಘಟನೆಗಳು ಆಧಾರವಾದವು. 2017ರ ಮೇ 12ರಂದು ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿ, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳವರೆಗೂ ಕೆಲಸ ನಿಲ್ಲಿಸಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ತಿದ್ದುಪಡಿ ಬಿಡುಗಡೆ ಮಾಡಿತ್ತು. ನಡುವಿನ ಐವತ್ತೊಂಬತ್ತು ದಿನಗಳಲ್ಲಿ ಅದನ್ನು ಹಾಕಿಕೊಂಡ ಯಂತ್ರಗಳಿಗೆ ಆ ದಾರಿ ಮುಚ್ಚಿತ್ತು. ಇದಕ್ಕೆ ಎದುರಾದ ಉದಾಹರಣೆ 2018ರ ಅಕ್ಟೋಬರಿನ ವಿಂಡೋಸ್ 10ರ ದೊಡ್ಡ ನವೀಕರಣ. ಅಕ್ಟೋಬರ್ 2ರಂದು ಅದು ಬಂತು, ಕೆಲವರ ಸ್ವಂತ ಕಡತಗಳು ಅಳಿಸಿಹೋದವೆಂದು ದೂರು ಬಂದದ್ದರಿಂದ ಅಕ್ಟೋಬರ್ 6ರಂದು ಅದರ ವಿತರಣೆಯನ್ನು ತಡೆಹಿಡಿಯಲಾಯಿತು, ಸರಿಪಡಿಸಿದ ಮೇಲೆ ನವೆಂಬರ್ 13ರಂದು ಮತ್ತೆ ಬಿಡುಗಡೆಯಾಯಿತು. ಆರು ವಾರ ಕಾದವರಿಗೆ ಯಾವ ನಷ್ಟವೂ ಆಗಲಿಲ್ಲ.

ವಿಂಡೋಸಿನ ತಿಂಗಳ ಭದ್ರತಾ ನವೀಕರಣ ಪ್ರತಿ ತಿಂಗಳ ಎರಡನೆಯ ಮಂಗಳವಾರ ಬರುತ್ತದೆ. ನಮ್ಮ ಗಡಿಯಾರದಲ್ಲಿ ಅದು ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆಯ ಹೊತ್ತು. ಆದ್ದರಿಂದ ಬುಧವಾರ ರಾತ್ರಿ ನನ್ನ ಲ್ಯಾಪ್‌ಟಾಪಿಗೆ ಅದನ್ನು ಹಾಕಿ, ಮೂರು ದಿನ ಎಂದಿನಂತೆ ಕೆಲಸ ಮಾಡಿ, ಪ್ರಿಂಟರ್, ವೈಫೈ, ಕನ್ನಡ ಟೈಪಿಂಗ್ ಮತ್ತು ಡಿಜಿಟಲ್ ಸಹಿಯ ಟೋಕನ್ ಸರಿಯಾಗಿ ನಡೆಯುತ್ತವೆಯೇ ಎಂದು ನೋಡುತ್ತೇನೆ. ಶನಿವಾರ ಮಧ್ಯಾಹ್ನ ಹೆಂಡತಿಯ ಮತ್ತು ಮಗಳ ಲ್ಯಾಪ್‌ಟಾಪ್‌ಗಳ ಸರದಿ. ಭಾನುವಾರ ಬೆಳಿಗ್ಗೆ, ಫೋನಿನಲ್ಲಿ ಮಾತಾಡುತ್ತಲೇ, ಅಪ್ಪಯ್ಯನ ಡೆಸ್ಕ್‌ಟಾಪ್. ಬೆಳಗಿನ ಹೊತ್ತನ್ನೇ ಆರಿಸಿಕೊಂಡದ್ದು ಕರೆಂಟಿನ ಕಾರಣಕ್ಕೆ, ಮತ್ತು ಏನಾದರೂ ಆದರೆ ಸರಿಪಡಿಸಲು ಪೂರ್ತಿ ಹಗಲು ಉಳಿಯಲಿ ಎಂಬ ಕಾರಣಕ್ಕೆ. ದೋಷವೊಂದನ್ನು ಈಗಾಗಲೇ ದಾಳಿಕೋರರು ಬಳಸುತ್ತಿದ್ದಾರೆಂದು, ಕಂಪ್ಯೂಟರ್ ಭದ್ರತೆಗಾಗಿ ಇರುವ ಭಾರತ ಸರ್ಕಾರದ ಸರ್ಟ್‌-ಇನ್ ಸಂಸ್ಥೆ ಎಚ್ಚರಿಕೆ ಕೊಟ್ಟರೆ ಮಾತ್ರ ಈ ಮೂರು ದಿನಗಳ ಅಂತರವನ್ನು ಬಿಟ್ಟು, ಎಲ್ಲ ಯಂತ್ರಗಳಿಗೂ ಅಂದೇ ಹಾಕುತ್ತೇನೆ.

ಯಾವ ಯಂತ್ರವನ್ನೂ ಬ್ಯಾಕಪ್ ಇಲ್ಲದೆ ಮುಟ್ಟುವುದಿಲ್ಲ. ಊರಿನಲ್ಲಿ ಯುಪಿಎಸ್‌ನ ಬ್ಯಾಟರಿಯನ್ನು ಬದಲಿಸಿದ ತಿಂಗಳನ್ನು ಅದರ ಮೇಲೆಯೇ ಬರೆದು ಅಂಟಿಸಿದ್ದೇನೆ.

ಇಷ್ಟು ಕಟ್ಟುನಿಟ್ಟು ಮಾಡಿಕೊಂಡ ಮೇಲೂ ಒಮ್ಮೆ ಕಷ್ಟಕ್ಕೆ ಸಿಕ್ಕಿಕೊಂಡೆ. ಮಗಳ ಹೊಸ ಲ್ಯಾಪ್‌ಟಾಪಿಗೆ ಬಯಾಸ್‌ನ, ಅಂದರೆ ವಿಂಡೋಸಿಗೂ ಮೊದಲು ಯಂತ್ರವನ್ನು ಎಬ್ಬಿಸುವ ಒಳತಂತ್ರಾಂಶದ, ನವೀಕರಣ ಬಂದಿತ್ತು. ಚಾರ್ಜರ್ ಸಿಕ್ಕಿಸಿ, ಬ್ಯಾಟರಿ ತುಂಬಿದೆಯೆಂದು ನೋಡಿ, ನವೀಕರಣ ಹಾಕಿದೆ. ಯಂತ್ರ ಮತ್ತೆ ಶುರುವಾದಾಗ ನೀಲಿ ಪರದೆಯೊಂದು ಬಂದು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀಲಿಯನ್ನು ಕೇಳಿತು. ಆ ಯಂತ್ರದ ಡಿಸ್ಕ್ ಗೂಢಲಿಪೀಕರಣಗೊಂಡಿದೆ ಎಂಬುದೇ ನಮಗೆ ತಿಳಿದಿರಲಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗುವ ಹೊಸ ಯಂತ್ರಗಳಲ್ಲಿ ಅದು ಹಲವು ವೇಳೆ ತಾನಾಗಿಯೇ ಜಾರಿಯಾಗಿರುತ್ತದೆ. ಮಗಳಿಗೆ ಮರುದಿನವೇ ಪ್ರಾಜೆಕ್ಟ್ ಒಪ್ಪಿಸಬೇಕಿತ್ತು. “ಅಪ್ಪಾ, ನನ್ನ ಕೆಲಸವೆಲ್ಲ ಹೋಯಿತಾ?” ಎಂದು ಅವಳು ಕೇಳಿದಾಗ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಕೊನೆಗೆ ಅವಳ ಫೋನಿನಿಂದ ಅದೇ ಖಾತೆಗೆ ಹೋಗಿ ನೋಡಿದಾಗ ಅಲ್ಲಿ ಕೀಲಿ ಇತ್ತು: ಆರಾರು ಅಂಕಿಗಳ ಎಂಟು ಗುಂಪುಗಳು, ಒಟ್ಟು ನಲವತ್ತೆಂಟು ಅಂಕಿಗಳು. ಅದನ್ನು ಒಂದೊಂದಾಗಿ ಒತ್ತಿದ ಮೇಲೆ ಯಂತ್ರ ತೆರೆದುಕೊಂಡಿತು. ಅಂದೇ ಮನೆಯ ಎಲ್ಲ ವಿಂಡೋಸ್ ಯಂತ್ರಗಳ ಕೀಲಿಗಳನ್ನು ಹಾಳೆಯಲ್ಲಿ ಬರೆದು, ದಾಖಲೆಪತ್ರಗಳ ಬೀರುವಿನಲ್ಲಿ ಇಟ್ಟೆ. ಈಗ ಬಯಾಸ್ ನವೀಕರಿಸುವ ಮುನ್ನ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯುತ್ತೇನೆ. ತಯಾರಕರ ಟಿಪ್ಪಣಿಯಲ್ಲಿ ಭದ್ರತೆಯ ಕಾರಣವಾಗಲಿ, ನಾವು ಎದುರಿಸುತ್ತಿರುವ ತೊಂದರೆಯ ಪರಿಹಾರವಾಗಲಿ ಇಲ್ಲದಿದ್ದರೆ ಬಯಾಸನ್ನು ಮುಟ್ಟುವುದೇ ಇಲ್ಲ.

ಬ್ರೌಸರ್‌ಗಳ ವಿಷಯದಲ್ಲಿ ತೊಂದರೆ ಬೇರೆ ರೀತಿಯದು. ಅವು ನವೀಕರಣವನ್ನು ತಾವೇ ಇಳಿಸಿಕೊಳ್ಳುತ್ತವೆ, ಆದರೆ ಮುಚ್ಚಿ ತೆರೆಯುವವರೆಗೆ ಅದು ಜಾರಿಗೆ ಬರುವುದಿಲ್ಲ. ನನ್ನ ಹೆಂಡತಿ ಲ್ಯಾಪ್‌ಟಾಪಿನ ಮುಚ್ಚಳವನ್ನು ಮಡಚಿ ಎದ್ದುಹೋಗುವವಳು. ಅವಳ ಬ್ರೌಸರ್ ವಾರಗಟ್ಟಲೆ ತೆರೆದೇ ಇರುತ್ತಿತ್ತು. ಶುಕ್ರವಾರ ಸಂಜೆ ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡುವುದೆಂದು ನಾವಿಬ್ಬರೂ ಒಪ್ಪಿಕೊಂಡ ಮೇಲೆ ಅದು ಸರಿಹೋಯಿತು. ಬ್ರೌಸರಿಗೆ ಶಟ್‌ಡೌನ್ ಆದರೂ ಸಾಕು, ವಿಂಡೋಸಿಗೆ ಮಾತ್ರ ಬರೀ ಶಟ್‌ಡೌನ್ ಸಾಲದು. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಜಾರಿಯಲ್ಲಿದ್ದಾಗ ವಿಂಡೋಸ್ ತನ್ನ ಒಳಭಾಗವನ್ನು ಡಿಸ್ಕಿನಲ್ಲಿ ಉಳಿಸಿಕೊಂಡು ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ, ರೀಸ್ಟಾರ್ಟ್ ಆದಾಗ ಮಾತ್ರ ಪೂರ್ತಿ ಹೊಸದಾಗಿ ಶುರುವಾಗುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ನಾನು ಮೂರು ಕಡೆ ನೋಡುತ್ತೇನೆ: ಫೋನ್ ತಯಾರಕರು ಕಳಿಸುವ ನವೀಕರಣ, ಸೆಟ್ಟಿಂಗ್ಸ್‌ನಲ್ಲಿ ಬೇರೆಯಾಗಿಯೇ ಇರುವ ಗೂಗಲ್ ಪ್ಲೇ ಸಿಸ್ಟಂ ನವೀಕರಣ, ಮತ್ತು ಆ್ಯಪ್‌ಗಳ ನವೀಕರಣ. ಎರಡನೆಯದು ಆಂಡ್ರಾಯ್ಡ್ 10ರ ಕಾಲದಿಂದ ಬಂದದ್ದು. ಬಹಳ ಮಂದಿ ಅದನ್ನು ತೆರೆದೇ ನೋಡಿರುವುದಿಲ್ಲ. ಅಮ್ಮನ ಫೋನಿನಲ್ಲಿ ನವೀಕರಣ ಆಗದೇ ಇದ್ದುದಕ್ಕೆ ಕಾರಣ ಜಾಗದ ಕೊರತೆ. ಪ್ರತಿ ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಬರುವ ಶುಭೋದಯದ ಚಿತ್ರಗಳೂ ವಿಡಿಯೊಗಳೂ ಸೇರಿ ಫೋನ್ ತುಂಬಿಹೋಗಿತ್ತು. ಅವುಗಳನ್ನು ಅಳಿಸಿ, ತಾನಾಗಿ ಇಳಿಯುವುದನ್ನು ನಿಲ್ಲಿಸಿದ ಮೇಲೆ ನವೀಕರಣಕ್ಕೆ ಜಾಗವಾಯಿತು. ಊರಿನಲ್ಲಿ ಫೋನಿನ ದಿನದ ಡೇಟಾ ಒಂದೂವರೆ ಜಿಬಿ ಮಾತ್ರವಾದ್ದರಿಂದ ದೊಡ್ಡ ನವೀಕರಣಗಳನ್ನು ಮನೆಯ ವೈಫೈನಲ್ಲಿಯೇ, ರಾತ್ರಿ ಚಾರ್ಜಿಗೆ ಹಾಕಿದಾಗ ಇಳಿಸಿಕೊಳ್ಳುವಂತೆ ಮಾಡಿದ್ದೇನೆ.

ಅಪ್ಪಯ್ಯನ ಹಿಂದಿನ ಫೋನಿಗೆ ತಯಾರಕರು ಭದ್ರತಾ ನವೀಕರಣ ಕಳಿಸುವುದನ್ನು ನಿಲ್ಲಿಸಿದ್ದರು. ಫೋನ್ ಮಾತ್ರ ಗಟ್ಟಿಯಾಗಿತ್ತು. ಅದನ್ನು ಬಿಸಾಡಲು ಅವರಿಗೆ ಮನಸ್ಸಿರಲಿಲ್ಲ, ಬಿಸಾಡಬೇಕೆಂದು ನಾನೂ ಹೇಳಲಿಲ್ಲ. ಅದರಿಂದ ಯುಪಿಐ ಮತ್ತು ಬ್ಯಾಂಕಿನ ಆ್ಯಪ್‌ಗಳನ್ನು ತೆಗೆದು, ಸಿಮ್ಮನ್ನು ಹೊಸ ಫೋನಿಗೆ ಹಾಕಿ, ಹಳೆಯದನ್ನು ಫ್ಯಾಕ್ಟರಿ ರೀಸೆಟ್ ಮಾಡಿದೆ. ಈಗ ಅದು ಪಡಸಾಲೆಯಲ್ಲಿ ಯಕ್ಷಗಾನದ ಹಾಡುಗಳನ್ನು ನುಡಿಸುತ್ತದೆ. ಅದರೊಳಗೆ ಹಣವಾಗಲಿ, ದಾಖಲೆಯಾಗಲಿ ಇಲ್ಲ. ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾಕ್ಕಿಂತ ಮೊದಲು ಎಷ್ಟು ವರ್ಷ ಭದ್ರತಾ ನವೀಕರಣ ಕೊಡುತ್ತಾರೆಂದು ಕೇಳಿದೆ. ಗೂಗಲ್ ಪಿಕ್ಸೆಲ್ 8 ಮತ್ತು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಮಾದರಿಗಳಿಗೆ ಏಳು ವರ್ಷಗಳ ಭರವಸೆ ಇದೆ. ಕಡಿಮೆ ಬೆಲೆಯವುಗಳಲ್ಲಿ ಅದು ಎರಡು ಮೂರು ವರ್ಷಕ್ಕೇ ಮುಗಿಯುವುದುಂಟು.

ರೌಟರನ್ನು ನಾನೇ ನಾಲ್ಕು ವರ್ಷ ಮರೆತಿದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಬೆಂಗಳೂರಿನದು ನಾವೇ ಕೊಂಡದ್ದು. ಅದರ ಒಳಪುಟಕ್ಕೆ ಹೋಗಿ ನೋಡಿದಾಗ ಕೊಂಡ ದಿನದ ಫರ್ಮ್‌ವೇರ್ (ರೌಟರಿನ ಒಳತಂತ್ರಾಂಶ) ಹಾಗೆಯೇ ಇತ್ತು. ಮೊದಲು ಅದರ ಸೆಟ್ಟಿಂಗ್‌ಗಳನ್ನು ಒಂದು ಕಡತವಾಗಿ ಉಳಿಸಿಕೊಂಡು, ವೈಫೈ ಬದಲು ಕೇಬಲ್ ಹಾಕಿ ನವೀಕರಿಸಿದೆ. ಊರಿನದು ಇಂಟರ್ನೆಟ್ ಕಂಪನಿ ಕೊಟ್ಟದ್ದು, ಅದರ ನವೀಕರಣ ಅವರ ಕೈಯಲ್ಲಿದೆ. ನಾನು ಮಾಡಬಹುದಾದದ್ದು ಪಾಸ್‌ವರ್ಡ್ ಬದಲಿಸುವುದಷ್ಟೇ ಆಗಿತ್ತು.

ಮನೆಯವರಿಗೆಲ್ಲ ನಾನು ಪದೇ ಪದೇ ಹೇಳುವ ಮಾತೊಂದಿದೆ: ನವೀಕರಣ ಸೆಟ್ಟಿಂಗ್ಸ್‌ನ ಒಳಗಿನಿಂದ ಅಥವಾ ಪ್ಲೇ ಸ್ಟೋರ್‌ನಿಂದ ಮಾತ್ರ ಬರಬೇಕು. ಜಾಲತಾಣವೊಂದು ನಿಮ್ಮ ಬ್ರೌಸರ್ ಹಳತಾಗಿದೆ ಎಂದರೆ, ವಾಟ್ಸ್ಆ್ಯಪ್‌ನಲ್ಲಿ ಆ್ಯಪ್ ಸ್ಥಾಪಿಸುವ ಎಪಿಕೆ ಕಡತವೊಂದು ಬ್ಯಾಂಕ್ ಆ್ಯಪ್‌ನ ಹೊಸ ಆವೃತ್ತಿ ಎಂದು ಬಂದರೆ, ಅದು ಮೋಸ. ಅಂಥ ಕಡತವೊಂದು ಅಮ್ಮನಿಗೂ ಬಂದಿತ್ತು. ಅವರು ಒತ್ತದೆ ನನಗೆ ಫೋನ್ ಮಾಡಿದರು. ಆ ದಿನದ ನೆಮ್ಮದಿ ನನಗೆ ಇನ್ನೂ ನೆನಪಿದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಾಗ ನಮ್ಮಲ್ಲಿ ಎರಡು ಯಂತ್ರಗಳು ಬಾಕಿ ಉಳಿದವು: ನನ್ನ ಹಳೆಯ ಲ್ಯಾಪ್‌ಟಾಪ್ ಮತ್ತು ಅಪ್ಪಯ್ಯನ ಡೆಸ್ಕ್‌ಟಾಪ್. ಎರಡರಲ್ಲೂ ಇರುವುದು ಇಂಟೆಲ್‌ನ ಆರನೆಯ ತಲೆಮಾರಿನ ಪ್ರೊಸೆಸರ್. ವಿಂಡೋಸ್ 11 ಸಾಮಾನ್ಯವಾಗಿ ಎಂಟನೆಯ ತಲೆಮಾರಿನದನ್ನೂ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಕೇಳುತ್ತದೆ. ತಪಾಸಣೆಯನ್ನು ತಪ್ಪಿಸಿ ಹಾಕುವ ಉಪಾಯಗಳಿವೆ, ಆದರೆ ಮುಂದೆ ನವೀಕರಣಗಳು ಬರುವ ಖಾತರಿಯಿಲ್ಲದ ವ್ಯವಸ್ಥೆಯನ್ನು ಅಪ್ಪಯ್ಯನ ಮೇಜಿನ ಮೇಲೆ ಇಡಲು ನನಗೆ ಇಷ್ಟವಾಗಲಿಲ್ಲ. ಹಾಗಾಗಿ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿದೆ. ಅದರಲ್ಲಿ ಕನ್ನಡ ಟೈಪಿಂಗಿನ ಕಗಪ ಕೀಲಿಮಣೆ ವಿನ್ಯಾಸ ಜೊತೆಯಲ್ಲಿಯೇ ಬರುತ್ತದೆ. ನವೀಕರಣಕ್ಕೆ ಮೊದಲು ಟೈಮ್‌ಶಿಫ್ಟ್ ಎಂಬ ತಂತ್ರಾಂಶದಿಂದ ವ್ಯವಸ್ಥೆಯ ಪ್ರತಿ ತೆಗೆದಿಟ್ಟರೆ ತೊಂದರೆಯಾದಾಗ ಹಿಂದಿನ ಸ್ಥಿತಿಗೆ ಮರಳಬಹುದು. ಅಪ್ಪಯ್ಯನ ಯಂತ್ರವನ್ನು ಮಾತ್ರ ಮೈಕ್ರೋಸಾಫ್ಟ್ ಮನೆಬಳಕೆದಾರರಿಗೆ ಪ್ರಕಟಿಸಿದ ವಿಸ್ತರಿತ ಭದ್ರತಾ ನವೀಕರಣಕ್ಕೆ ನೋಂದಾಯಿಸಿದೆ. ಸೇರುವಾಗ ತಿಳಿಸಿದ್ದ ಅವಧಿ 2026ರ ಅಕ್ಟೋಬರ್ 13ರವರೆಗೆ.

ಆ ಒಂದು ವರ್ಷವನ್ನು ಅಪ್ಪಯ್ಯನ ಹಳೆಯ ವರದಿಗಳನ್ನು ಯೂನಿಕೋಡ್‌ಗೆ ಬದಲಿಸುವ ಕೆಲಸಕ್ಕೆ ಎತ್ತಿಟ್ಟುಕೊಂಡಿದ್ದೇವೆ. ಬದಲಿಸುವ ತಂತ್ರಾಂಶ ಅರ್ಕಾವತ್ತು ಮತ್ತು ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪುತ್ತದೆ, ಆದ್ದರಿಂದ ಪ್ರತಿ ಪುಟವನ್ನೂ ಅಪ್ಪಯ್ಯ ಓದಿ ತಿದ್ದುತ್ತಾರೆ. ಭಾನುವಾರ ಬೆಳಿಗ್ಗೆ ಅವರೇ ಫೋನ್ ಮಾಡಿ, “ಮಗಾ, ಬ್ಯಾಕಪ್ ಆಯ್ತು, ಕರೆಂಟಿದೆ, ಈಗ ಒತ್ಲಾ?” ಎಂದು ಕೇಳುತ್ತಾರೆ. ನವೀಕರಣ ಇಳಿಯುವ ಇಪ್ಪತ್ತು ನಿಮಿಷದಲ್ಲಿ ಆ ವಾರ ತಿದ್ದಿದ ಪುಟಗಳ ಲೆಕ್ಕ ಹೇಳುತ್ತಾರೆ, ನಾನು ನೋಟ್‌ಬುಕ್ಕಿನಲ್ಲಿ ದಿನಾಂಕದ ಪಕ್ಕ ಅದನ್ನೂ ಬರೆದುಕೊಳ್ಳುತ್ತೇನೆ.