ರಾನ್ ಪಾಲ್ ಅವರ ಮತಪಟ್ಟಿಯನ್ನು ನಾನು ಓದಿದ ಬಗೆ

ಅಮೆರಿಕದ ಟೆಕ್ಸಾಸ್ ರಾಜ್ಯದ ರಿಪಬ್ಲಿಕನ್ ಪಕ್ಷದ ಮಾಜಿ ಸಂಸದ ರಾನ್ ಪಾಲ್ ಅವರ ಕುರಿತು ನನ್ನ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಪರಿಚಯ ಬರೆಯಲು ಕುಳಿತೆ. ಹದಿನೈದು ದಿನದ ಕೆಲಸವೆಂದು ಎಣಿಸಿದ್ದು ಮಳೆಗಾಲವಿಡೀ ಹಿಡಿಯಿತು. ತಡವಾದದ್ದು ಅವರ ಬದುಕಿನ ವಿವರಗಳಿಂದಲ್ಲ, ಅವರು ಹಾಕಿದ ಮತಗಳಿಂದ.

ನಮ್ಮ ಸಂಸತ್ತಿನಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಅಂಗೀಕಾರವಾಗುತ್ತವೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲಂತೂ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಮೀರಿದವರ ಸದಸ್ಯತ್ವಕ್ಕೇ ಕುತ್ತು. ಹಾಗಾಗಿ ಒಬ್ಬ ಸದಸ್ಯ ಯಾವ ದಿನ ಯಾವ ಮಸೂದೆಗೆ ಏನೆಂದ ಎಂದು ಹುಡುಕುವ ಅಭ್ಯಾಸವೇ ನಮಗಿಲ್ಲ. ಅಮೆರಿಕದ ಕೆಳಮನೆಯಲ್ಲಿ 1973ರಿಂದ ವಿದ್ಯುನ್ಮಾನ ಮತದಾನವಿದ್ದು, ದಾಖಲಾದ ಪ್ರತಿ ಮತದಾನಕ್ಕೂ ಒಂದು ಸಂಖ್ಯೆ, ಅದರಡಿ ಯಾವ ಸದಸ್ಯ ಏನೆಂದ ಎಂಬ ಪಟ್ಟಿ ಇರುತ್ತದೆ. ನಾನು ಒಂದು ಉದ್ದನೆಯ ಲೆಕ್ಕದ ಪುಸ್ತಕಕ್ಕೆ ಐದು ಕಲಂ ಗೆರೆ ಎಳೆದೆ: ದಿನಾಂಕ, ಮಸೂದೆ, ಅವರ ಮತ, ಅವರ ಪಕ್ಷದ ಬಹುಮತ, ಕಾರಣ. ಮೊದಲ ನಾಲ್ಕು ಬೇಗ ತುಂಬಿದವು. ಐದನೆಯದು ವಾರಗಟ್ಟಲೆ ಖಾಲಿಯೇ ಉಳಿಯಿತು.

ಹಿನ್ನೆಲೆ ಸಂಕ್ಷಿಪ್ತವಾಗಿ ಹೀಗಿದೆ. 1935ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಜನನ, 1961ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಿಂದ ವೈದ್ಯಪದವಿ, ಕೆಲಕಾಲ ವಾಯುಪಡೆಯಲ್ಲಿ ವೈದ್ಯವೃತ್ತಿ, ಆಮೇಲೆ ಟೆಕ್ಸಾಸ್‌ನಲ್ಲಿ ಪ್ರಸೂತಿ ತಜ್ಞರಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಹೆರಿಗೆ. 1971ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ಡಾಲರ್‌ಗೂ ಚಿನ್ನಕ್ಕೂ ಇದ್ದ ಕೊಂಡಿಯನ್ನು ಕಳಚಿದ್ದೇ ಅವರನ್ನು ರಾಜಕೀಯಕ್ಕೆ ಎಳೆಯಿತು. 1976ರ ಉಪಚುನಾವಣೆಯಲ್ಲಿ ಗೆದ್ದು, ಅದೇ ನವೆಂಬರ್‌ನಲ್ಲಿ ಮುನ್ನೂರಕ್ಕೂ ಕಡಿಮೆ ಮತಗಳಿಂದ ಸೋತು, 1978ರಲ್ಲಿ ಮತ್ತೆ ಗೆದ್ದರು. 1985ರಿಂದ 1997ರವರೆಗಿನ ಬಿಡುವನ್ನು ಕಳೆದರೆ 2013ರ ಜನವರಿಯವರೆಗೂ ಸದನದಲ್ಲಿದ್ದರು. ಮತ ಹಾಕಿದ್ದೆಲ್ಲ ‘ಬೇಡ’ ಎಂದೇ ಎಂಬಂತಿದ್ದುದರಿಂದ ‘ಡಾಕ್ಟರ್ ನೋ’ ಎಂಬ ಅಡ್ಡಹೆಸರು ಅಂಟಿಕೊಂಡಿತು.

ನನ್ನ ಮೊದಲ ತಪ್ಪು ಇಲ್ಲೇ ಆದದ್ದು. ಕಪ್ಪು ಜನರ ಹಕ್ಕುಗಳ ಹೋರಾಟಗಾರ್ತಿ ರೋಸಾ ಪಾರ್ಕ್ಸ್ ಅವರಿಗೆ ಚಿನ್ನದ ಪದಕ ನೀಡುವ ಮಸೂದೆ 1999ರಲ್ಲಿ 424–1 ಮತಗಳಿಂದ ಅಂಗೀಕಾರವಾದಾಗ ಆ ಒಂದು ಮತ ಪಾಲ್ ಅವರದು. ವರ್ಣಭೇದವನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯ್ದೆಯ ನಲವತ್ತನೆಯ ವರ್ಷವನ್ನು ಗೌರವಿಸುವ 2004ರ ನಿರ್ಣಯಕ್ಕೆ ವಿರುದ್ಧವಾಗಿ ಬಿದ್ದ ಏಕೈಕ ಮತವೂ ಅವರದೇ. ಎರಡನ್ನೂ ಅಕ್ಕಪಕ್ಕ ಇಟ್ಟು, ಐದನೆಯ ಕಲಂನಲ್ಲಿ ‘ವರ್ಣದ್ವೇಷ’ ಎಂದು ಬರೆದುಬಿಟ್ಟೆ. ಸದನದ ಭಾಷಣಗಳನ್ನು ಓದಿದ ಮೇಲೆ ಆ ಪದವನ್ನು ಹೊಡೆದುಹಾಕಬೇಕಾಯಿತು. ಪದಕಕ್ಕೆ ಅವರು ಒಡ್ಡಿದ ತಕರಾರು, ಅದರ ಮೂವತ್ತು ಸಾವಿರ ಡಾಲರ್ ತೆರಿಗೆ ಹಣದಿಂದ ಹೋಗಬಾರದು, ಸದಸ್ಯರು ತಲಾ ನೂರು ಡಾಲರ್ ಹಾಕೋಣ, ನನ್ನ ಪಾಲು ಕೊಡುತ್ತೇನೆ ಎಂಬುದು. ಮದರ್ ತೆರೇಸಾ ಅವರ ಪದಕದ ಸಂದರ್ಭದಲ್ಲಿ 1997ರಲ್ಲೇ ಇಂಥದೇ ಆಕ್ಷೇಪ ಎತ್ತಿದ್ದರು. 2004ರದು ಬೇರೆ ವಾದ: ಆ ಕಾಯ್ದೆ ಖಾಸಗಿ ಆಸ್ತಿಯ ಹಕ್ಕನ್ನು ಮೊಟಕುಗೊಳಿಸಿತು ಎಂಬುದು. ಈ ಎರಡನೆಯ ವಾದವನ್ನು ನಾನು ಒಪ್ಪುವುದಿಲ್ಲ. ಅವರ ಹೆಸರಿನಲ್ಲಿ ಹಿಂದೆ ಪ್ರಕಟವಾಗುತ್ತಿದ್ದ ಸುದ್ದಿಪತ್ರಗಳಲ್ಲಿ ಜನಾಂಗೀಯ ನಿಂದನೆಯ ಬರಹಗಳಿದ್ದುದೂ, ಅವನ್ನು ತಾವು ಬರೆದಿಲ್ಲವೆಂದು ಅವರು ಹೇಳಿದ್ದೂ ದಾಖಲೆಯಲ್ಲಿದೆ. ಅದನ್ನು ಪರಿಚಯದಲ್ಲಿ ಸೇರಿಸಿದೆ. ಆದರೆ ಕಾರಣದ ಕಲಂನಲ್ಲಿ ನನ್ನ ಊಹೆಗೆ ಜಾಗವಿರಬಾರದು.

ಸಂಪ್ರದಾಯವಾದಿ ಎಂಬ ಒಂದೇ ಪದದಲ್ಲಿ ಅವರನ್ನು ಹಿಡಿಯಲು ಹೋದಾಗಲೂ ಪುಸ್ತಕ ಅಡ್ಡ ಬಂತು. 2001ರ ಸೆಪ್ಟೆಂಬರ್‌ನಲ್ಲಿ ಸೇನಾಬಲ ಬಳಕೆಗೆ ಅನುಮತಿ ನೀಡುವ ನಿರ್ಣಯಕ್ಕೆ ಬಹುತೇಕ ಎಲ್ಲರಂತೆ ‘ಹೌದು’ ಎಂದವರು, ಮುಂದಿನ ತಿಂಗಳೇ ಭಯೋತ್ಪಾದನೆ ತಡೆಯ ಹೆಸರಿನಲ್ಲಿ ಸರ್ಕಾರದ ಕಣ್ಗಾವಲು ಅಧಿಕಾರವನ್ನು ಹಿಗ್ಗಿಸಿದ ಪೇಟ್ರಿಯಟ್ ಕಾಯ್ದೆಗೆ ‘ಇಲ್ಲ’ ಎಂದರು. ಹಾಗೆಂದ ರಿಪಬ್ಲಿಕನ್ನರು ಮೂವರೇ. 2002ರಲ್ಲಿ ಇರಾಕ್ ಯುದ್ಧದ ಅನುಮತಿ 296–133 ಮತಗಳಿಂದ ಅಂಗೀಕಾರವಾದಾಗ ವಿರೋಧಿಸಿದ ಆರು ರಿಪಬ್ಲಿಕನ್ನರಲ್ಲಿ ಅವರೂ ಒಬ್ಬರು. ಗರ್ಭಪಾತದ ಕಡುವಿರೋಧಿಯಾಗಿದ್ದೂ ಸಲಿಂಗ ವಿವಾಹ ನಿಷೇಧಿಸುವ ಸಂವಿಧಾನ ತಿದ್ದುಪಡಿಯನ್ನು ಬೆಂಬಲಿಸಲಿಲ್ಲ. ಅದು ರಾಜ್ಯಗಳಿಗೆ ಬಿಟ್ಟ ವಿಷಯ ಎಂಬುದು ಅವರ ನಿಲುವು.

ಮತಪಟ್ಟಿಯೊಂದನ್ನೇ ನಂಬಿದರೆ ತಪ್ಪಿಹೋಗುವ ಸಂಗತಿಯೂ ಇದೆ. ಕರಾವಳಿಯ ತಮ್ಮ ಕ್ಷೇತ್ರಕ್ಕೆ, ಅಲ್ಲಿನ ಸೀಗಡಿ ಉದ್ಯಮಕ್ಕೂ ಸೇರಿದಂತೆ, ಅನುದಾನ ಬೇಕೆಂದು ಅವರು ಬೇಡಿಕೆ ಸಲ್ಲಿಸುತ್ತಿದ್ದರು. ಅದು ಸೇರಿದ ಖರ್ಚಿನ ಮಸೂದೆಗೆ ಕೊನೆಯಲ್ಲಿ ‘ಇಲ್ಲ’ ಎನ್ನುತ್ತಿದ್ದರು. ಮಸೂದೆ ಹೇಗೂ ಗೆಲ್ಲುತ್ತಿತ್ತು, ಹಣ ಕ್ಷೇತ್ರಕ್ಕೆ ಹೋಗುತ್ತಿತ್ತು, ದಾಖಲೆಯಲ್ಲಿ ಮಾತ್ರ ಶುದ್ಧ ವಿರೋಧ. ಜನರ ತೆರಿಗೆ ಜನರಿಗೇ ಮರಳಲಿ ಎಂಬ ಅವರ ಸಮರ್ಥನೆ ನನಗೆ ಜಾಣತನವಾಗಿ ಕಂಡಿತೇ ಹೊರತು ತತ್ವವಾಗಿ ಕಾಣಲಿಲ್ಲ. ಇದಕ್ಕಾಗಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಆರನೆಯ ಕಲಂ ಎಳೆಯಬೇಕಾಯಿತು.

ಕೊನೆಗೆ ತುಂಬಿದ್ದು 2010ರ ಮೇ ತಿಂಗಳ ಸಾಲು. ಸಲಿಂಗಿ ಸೈನಿಕರು ತಮ್ಮ ಗುರುತನ್ನು ಮುಚ್ಚಿಟ್ಟೇ ಇರಬೇಕೆಂಬ ನೀತಿಯನ್ನು 2007ರಲ್ಲಿ ಸಮರ್ಥಿಸಿದ್ದ ಪಾಲ್, ಅಂದು ಅದರ ರದ್ದತಿಗೆ ‘ಹೌದು’ ಎಂದ ಐವರು ರಿಪಬ್ಲಿಕನ್ನರಲ್ಲಿ ಒಬ್ಬರಾದರು. ಇತರ ಸಾಲುಗಳ ಮುಂದೆ ಬರೆದು ಬರೆದು ರೂಢಿಯಾಗಿದ್ದ ‘ಸಂವಿಧಾನ’ ಎಂಬ ಪದ ಇಲ್ಲಿ ಕೂರಲಿಲ್ಲ. ಸೇನೆಯಿಂದ ಹೊರಹಾಕಲ್ಪಟ್ಟ ತಮ್ಮ ಕ್ಷೇತ್ರದವರೇ ಕರೆ ಮಾಡಿ, ಬಂದು ಕಂಡು ಹೇಳಿಕೊಂಡ ಮೇಲೆ ಮನಸ್ಸು ಬದಲಾಯಿತು ಎಂಬುದು ಅವರ ವಿವರಣೆ. ಅದನ್ನೇ ಬರೆದೆ.