ಅಲುಗುವ ತಡೆಗೋಡೆ ದಾಟುವ ಎಲೆಕ್ಟ್ರಾನ್: ಗ್ರಾಫೀನ್ ಲೆಕ್ಕ ನಾನು ಮಾಡಿದ ಬಗೆ

ಗ್ರಾಫೀನ್‌ನಲ್ಲಿ, ಅಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯಲ್ಲಿ, ಎಲೆಕ್ಟ್ರಾನ್ ವಿದ್ಯುತ್ ತಡೆಗೋಡೆಗೆ ನೇರವಾಗಿ ಬಂದರೆ ವಾಪಸ್ ಚಿಮ್ಮುವುದೇ ಇಲ್ಲ. ಗೋಡೆ ಎಷ್ಟೇ ಎತ್ತರ ಇರಲಿ, ಎಷ್ಟೇ ದಪ್ಪ ಇರಲಿ, ಪೂರ್ತಿ ದಾಟಿಬಿಡುತ್ತದೆ. ಇದರ ಮೂಲ ಎಳೆ 1929ರಲ್ಲಿ ಆಸ್ಕರ್ ಕ್ಲೈನ್ ಮಾಡಿದ ಲೆಕ್ಕದಲ್ಲಿದೆ. ಅದನ್ನು ಗ್ರಾಫೀನ್‌ನಲ್ಲಿ ಪರೀಕ್ಷಿಸಬಹುದು ಎಂದು 2006ರಲ್ಲಿ ಕಾಟ್ಸ್‌ನೆಲ್ಸನ್, ನೊವೊಸೆಲೊವ್ ಮತ್ತು ಗೈಮ್ ತೋರಿಸಿಕೊಟ್ಟರು. ನನ್ನ ತಲೆಗೆ ಹತ್ತಿದ್ದು ಅದರ ಮುಂದಿನ ಪ್ರಶ್ನೆ. ಆ ಗೋಡೆ ಸುಮ್ನೆ ನಿಂತಿರದೆ ಸೆಕೆಂಡಿಗೆ ಲಕ್ಷ ಕೋಟಿ ಸಲ, ಅಂದರೆ 1 ಟೆರಾಹರ್ಟ್ಸ್‌ನಲ್ಲಿ, ಮೇಲೆ ಕೆಳಗೆ ಆಡುತ್ತಿದ್ದರೆ ಏನಾಗುತ್ತದೆ?

ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರ ಪ್ಲಸ್ ಟು ಮಕ್ಕಳಿಗೆ ಫಿಸಿಕ್ಸ್ ಕಲಿಸುತ್ತೇನೆ. ಇಲ್ಲಿ ಗ್ರಾಫೀನ್ ಲ್ಯಾಬ್ ಇಲ್ಲ. ಈ ಲೆಕ್ಕಕ್ಕೆ ಅದು ಬೇಕಾಗಿಯೂ ಇಲ್ಲ. ಕಾಗದ, ಪೆನ್ನು, ಪೈಥಾನ್ ಇರುವ ಒಂದು ಹಳೇ ಲ್ಯಾಪ್‌ಟಾಪ್ ಸಾಕು. ಮಳೆಗಾಲದಲ್ಲಿ ಕರೆಂಟ್ ಹೋದರೂ ಬ್ಯಾಟರಿಯಲ್ಲೇ ಮುಗಿಯುವಷ್ಟು ಸಣ್ಣ ಕೆಲಸ.

ಕೋಡ್ ಬರೆಯುವ ಮೊದಲು ನೇರ ಬರುವ ಎಲೆಕ್ಟ್ರಾನ್‌ನ ಲೆಕ್ಕವನ್ನು ಕೈಯಲ್ಲೇ ಮಾಡಿದೆ. ಇದನ್ನು ಯಾರೂ ಬಿಡಬಾರದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಗ್ರಾಫೀನ್‌ನ ಇಂಗಾಲದ ಪರಮಾಣುಗಳು ಎ ಮತ್ತು ಬಿ ಎಂಬ ಎರಡು ಗುಂಪಿನಲ್ಲಿವೆ. ಎಲೆಕ್ಟ್ರಾನ್ ಅಲೆಗೆ ಅದಕ್ಕೇ ಎರಡು ಭಾಗ. ಅಲೆ ಯಾವ ದಿಕ್ಕಿಗೆ ಹೋಗುತ್ತದೆ ಅನ್ನುವುದು ಆ ಎರಡು ಭಾಗಗಳ ಹೊಂದಾಣಿಕೆಗೆ ಕಟ್ಟಿಬಿದ್ದಿದೆ. ಗೋಡೆ ಎರಡನ್ನೂ ಒಂದೇ ಥರ ತಳ್ಳುವುದರಿಂದ ಹೊಂದಾಣಿಕೆ ಕೆಡುವುದಿಲ್ಲ, ದಿಕ್ಕೂ ತಿರುಗುವುದಿಲ್ಲ. ಗೋಡೆ ಆಡುತ್ತಿದ್ದರೂ ಇದು ಹಾಗೇ ಉಳಿಯುತ್ತದೆ.

ಬದಲಾಗುವುದು ಶಕ್ತಿ. ಎಲೆಕ್ಟ್ರಾನ್ ಗೋಡೆಯೊಳಗೆ ಇದ್ದಷ್ಟು ಹೊತ್ತು ಅದರ ಫೇಸ್‌ಗೆ (ಅಲೆ ಏರಿಳಿತದ ಯಾವ ಹಂತದಲ್ಲಿದೆ ಅನ್ನುವುದಕ್ಕೆ) ಆ ಕ್ಷಣದ ವೋಲ್ಟೇಜ್ ಸೇರುತ್ತಾ ಹೋಗುತ್ತದೆ. ಅದನ್ನು ಕೂಡಿಸಲು ಕೊಸೈನ್‌ನ ಇಂಟಿಗ್ರಲ್ ಒಂದೇ ಸಾಕು. ಪೆರ್ಲ, ಶೇಣಿ ಕಡೆಯಿಂದ ಬರುವ, ಹತ್ತನೇ ತನಕ ಕನ್ನಡದಲ್ಲೇ ಓದಿದ ಮಕ್ಕಳಿಗೆ ಬೋರ್ಡಿನ ಮೇಲೆ ಮಾಡಿ ತೋರಿಸಿದ್ದೇನೆ. ಇಷ್ಟರ ತನಕ ಅವರೂ ಜೊತೆಗೆ ಬರುತ್ತಾರೆ. ಫಲ ಇದು: ಎಲೆಕ್ಟ್ರಾನ್ ತನ್ನ ಮೂಲ ಶಕ್ತಿಯಲ್ಲೂ ಹೊರಬರಬಹುದು, ಅಥವಾ ಒಂದೊಂದು ಫೋಟಾನ್‌ನಷ್ಟು (ಆ ಕಂಪನದ ಶಕ್ತಿಯ ಒಂದು ತುಣುಕಿನಷ್ಟು) ಮೇಲಿನ, ಕೆಳಗಿನ ಮೆಟ್ಟಿಲಲ್ಲೂ ಹೊರಬರಬಹುದು. 1 ಟೆರಾಹರ್ಟ್ಸ್‌ಗೆ ಒಂದು ಮೆಟ್ಟಿಲು ಸುಮಾರು 4.14 ಮಿಲಿ ಎಲೆಕ್ಟ್ರಾನ್ ವೋಲ್ಟ್. ಯಾವ ಮೆಟ್ಟಿಲಿಗೆ ಎಷ್ಟು ಪಾಲು ಅನ್ನುವುದು ಬೆಸೆಲ್ ಫಂಕ್ಷನ್ ಎಂಬ ಗಣಿತದ ಫಂಕ್ಷನ್‌ನ ವರ್ಗದಿಂದ ಸಿಗುತ್ತದೆ. ಟಿಯೆನ್ ಮತ್ತು ಗಾರ್ಡನ್ 1963ರಲ್ಲಿ ಸೂಪರ್‌ಕಂಡಕ್ಟರ್‌ಗಳ ನಡುವಿನ ಟನೆಲಿಂಗ್‌ಗೆ (ತಡೆಗೋಡೆ ತೂರಿ ದಾಟುವುದಕ್ಕೆ) ಬಳಸಿದ ದಾರಿಯೇ ಇದು.

ಒಂದು ಉದಾಹರಣೆ ನೋಡಿ. ಗೋಡೆಯ ದಪ್ಪ 100 ನ್ಯಾನೊಮೀಟರ್, ಅದು ಮೇಲೆ ಕೆಳಗೆ ಆಡುವ ಎತ್ತರ ಎರಡು ಮೆಟ್ಟಿಲಿನಷ್ಟು. ಎಲೆಕ್ಟ್ರಾನ್ ವೇಗ ಸೆಕೆಂಡಿಗೆ ಸುಮಾರು 10 ಲಕ್ಷ ಮೀಟರ್, ಹಾಗಾಗಿ 0.1 ಪಿಕೊಸೆಕೆಂಡಿನಲ್ಲಿ ಆಚೆ ಇರುತ್ತದೆ. ಮೂಲ ಶಕ್ತಿಯಲ್ಲಿ ಹೊರಬರುವುದು ಸುಮಾರು ಶೇ. 43. ಒಂದು ಮೆಟ್ಟಿಲು ಮೇಲೆ ಶೇ. 26, ಕೆಳಗೂ ಅಷ್ಟೇ. ಎರಡನೆಯ ಮೆಟ್ಟಿಲುಗಳಿಗೆ ತಲಾ ಶೇ. 3ರ ಹತ್ತಿರ. ಎಲ್ಲ ಕೂಡಿದರೆ ನೂರು, ವಾಪಸ್ ಬಂದದ್ದು ಸೊನ್ನೆ.

ಈಗ ದಪ್ಪವನ್ನು 1 ಮೈಕ್ರೊಮೀಟರ್ ಮಾಡಿ. ಅಕ್ಕಪಕ್ಕದ ಮೆಟ್ಟಿಲುಗಳೆಲ್ಲ ಮಾಯ! ಎಲೆಕ್ಟ್ರಾನ್ ಒಳಗಿರುವ ಹೊತ್ತಿಗೆ ಗೋಡೆ ಸರಿಯಾಗಿ ಒಂದು ಸುತ್ತು ಆಡಿ ಮುಗಿಸಿರುತ್ತದೆ. ಅರ್ಧ ಸುತ್ತಿನಲ್ಲಿ ಸೇರಿದ್ದು ಇನ್ನರ್ಧದಲ್ಲಿ ಕಳೆದುಹೋಗುತ್ತದೆ. ಈ ಲೆಕ್ಕದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದೇ.

ಓರೆಯಾಗಿ ಬಂದಾಗ ಕಂಪ್ಯೂಟರ್ ಬೇಕು. ಗ್ರಾಫೀನ್ ಎಲೆಕ್ಟ್ರಾನ್‌ನ ಅಲೆಗೆ ಅನ್ವಯಿಸುವುದು ಡಿರಾಕ್ ಸಮೀಕರಣವಾದ್ದರಿಂದ ಗೋಡೆಯ ಎರಡು ಅಂಚಿನಲ್ಲಿ ಅಲೆಯ ಎರಡು ಭಾಗಗಳನ್ನು ಹೊಂದಿಸಿದರೆ ಸಾಕು, ಇಳಿಜಾರು ಹೊಂದಿಸಬೇಕಿಲ್ಲ. ಮೇಲೆ ಎಂಟು, ಕೆಳಗೆ ಎಂಟು ಮೆಟ್ಟಿಲು ಇಟ್ಟುಕೊಂಡೆ. ಮೂಲದ್ದೂ ಸೇರಿ 17. ಪ್ರತಿಯೊಂದಕ್ಕೆ ನಾಲ್ಕು ಅಪರಿಚಿತಗಳು, ಒಟ್ಟು 68. ಪೈಥಾನ್‌ನ ಗಣಿತ ಲೈಬ್ರರಿ ನಂಪೈಗೆ ಇದು ಕ್ಷಣದ ಕೆಲಸ. ಶಕ್ತಿಯನ್ನು ಮಿಲಿ ಎಲೆಕ್ಟ್ರಾನ್ ವೋಲ್ಟ್‌ನಲ್ಲೂ ಉದ್ದವನ್ನು 658 ನ್ಯಾನೊಮೀಟರಿನ ಅಳತೆಯಲ್ಲೂ ಇಟ್ಟರೆ ಉಳಿದ ಸ್ಥಿರಾಂಕಗಳೆಲ್ಲ 1 ಆಗುತ್ತವೆ. ಗೋಡೆಯೊಳಗೆ ಎಡಕ್ಕೆ ಹೋಗುವ ಅಲೆಗಳನ್ನು ಬಲ ಅಂಚಿನಿಂದ ಅಳೆಯಿರಿ. ಆಗ ಕುಗ್ಗುವ ಘಾತಗಳು ಮಾತ್ರ ಬರುತ್ತವೆ, ಸಂಖ್ಯೆಗಳು ಸಿಡಿಯುವುದಿಲ್ಲ.

ಜಾಸ್ತಿ ಗಮನ ಬೇಕಾದದ್ದು ಕೆಳಗಿನ ಮೆಟ್ಟಿಲುಗಳಿಗೆ. 10 ಮಿಲಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನ್ 30 ಡಿಗ್ರಿ ಓರೆಯಲ್ಲಿ ಬಂತು ಅನ್ನಿ. ಗೋಡೆಗೆ ಸಮಾನಾಂತರವಾದ ಆವೇಗ ಬದಲಾಗುವುದಿಲ್ಲ. ಒಂದು ಫೋಟಾನ್ ನುಂಗಿದರೆ ಓರೆ 21 ಡಿಗ್ರಿಗೆ ಇಳಿಯುತ್ತದೆ. ಒಂದನ್ನು ಬಿಟ್ಟುಕೊಟ್ಟರೆ 59ರ ಹತ್ತಿರಕ್ಕೆ ಏರುತ್ತದೆ. ಎರಡು ಅಥವಾ ಮೂರು ಬಿಟ್ಟುಕೊಟ್ಟ ಅಲೆ ಮುಂದೆ ಸಾಗದೆ ಗೋಡೆಯ ಪಕ್ಕದಲ್ಲೇ ಸಾಯುತ್ತದೆ. ನಾಲ್ಕು ಬಿಟ್ಟುಕೊಟ್ಟರೆ ಮತ್ತೆ ಸಾಗುತ್ತದೆ! ಶಕ್ತಿ ಸೊನ್ನೆಗಿಂತ ಕೆಳಗಿಳಿದು ಹೋಲ್‌ಗಳ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳ) ಶಕ್ತಿ ಪಟ್ಟಿಗೆ ಬಂದಿರುತ್ತದೆ, ಅಷ್ಟೇ. ಅಲ್ಲಿ ಅಲೆಯ ಆವೇಗ ಒಂದು ಕಡೆ, ಪ್ರವಾಹ ಇನ್ನೊಂದು ಕಡೆ. ಹೊರಹೋಗುವ ಅಲೆ ಆರಿಸುವಾಗ ಪ್ರವಾಹದ ದಿಕ್ಕನ್ನೇ ನೋಡಬೇಕು.

ಸಾಗುವ ಪ್ರತಿ ಮೆಟ್ಟಿಲನ್ನೂ ಅದರ ಕೋನದ ಕೊಸೈನ್‌ನಿಂದ ತೂಗಿ, ಒಳಬಂದ ಕೋನದ ಕೊಸೈನ್‌ನಿಂದ ಭಾಗಿಸಿ, ದಾಟಿದ್ದನ್ನೂ ವಾಪಸಾದದ್ದನ್ನೂ ಕೂಡಿಸುತ್ತೇನೆ. ಮೊತ್ತ 1 ಬರಬೇಕು. ಆಮೇಲೆ ಕೋನವನ್ನು ಸೊನ್ನೆಗೆ ತಂದು, ಕೈಯಲ್ಲಿ ಮಾಡಿದ 43, 26, 3ರ ಜೊತೆ ತಾಳೆ ನೋಡುತ್ತೇನೆ. ಮೆಟ್ಟಿಲುಗಳನ್ನು ಎಂಟರಿಂದ ಹತ್ತಕ್ಕೆ ಏರಿಸಿದರೂ ಅಂಕಿ ಅಲುಗಬಾರದು. ಈ ಮೂರೂ ಸರಿ ಬಂದ ಮೇಲೆಯೇ ಗ್ರಾಫ್ ಎಳೆಯುತ್ತೇನೆ.