ಮಣ್ಣಿನ ಮೇಲೆ ಕಲ್ಲುಹೂವು: ಉಬ್ಬುವ ಗ್ಲೇಝ್ ಮಾಡುವ ಬಗೆ

ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳಲ್ಲಿ ನೆರಳಿನ ಮರಗಳಿಗೆ ಬೂದುಬಣ್ಣದ ಕಲ್ಲುಹೂವು ಹತ್ತಿರುತ್ತದಲ್ಲ, ಸುಟ್ಟ ಮಣ್ಣಿನ ಮೇಲೆ, ಭಟ್ಟಿಯಲ್ಲಿ ಕರಗಿ ಗಾಜಿನಂತಾಗುವ ಲೇಪವಾದ ಗ್ಲೇಝ್‌ನಿಂದಲೇ ಅಂಥ ಉಬ್ಬುತಗ್ಗು ತರಬಹುದು. ಮಡಕೆಯ ಮೇಲೆ ಗ್ಲೇಝ್ ಬಿರಿದು ಗುಡ್ಡೆಗಟ್ಟಿದರೆ ಅದು ದೋಷ. ಶಿಲ್ಪದಲ್ಲಿ ಬೇಕಾದದ್ದೇ ಅದು.

100 ಗ್ರಾಂ ಒಣಪುಡಿಗೆ ನೆಫೆಲಿನ್ ಸಯನೈಟ್ (ಗ್ಲೇಝ್ ಕರಗಲು ನೆರವಾಗುವ ಕಲ್ಲಿನ ಪುಡಿ) 70 ಗ್ರಾಂ, ಹಗುರ ಮೆಗ್ನೀಷಿಯಂ ಕಾರ್ಬೋನೇಟ್ 25, ಬಾಲ್ ಕ್ಲೇ (ನಯವಾದ ಜೇಡಿಮಣ್ಣು) 5. ಹಿಂದಿನ ರಾತ್ರಿ ನೀರಲ್ಲಿ ನೆನೆಸಿಟ್ಟ ಸಿಎಂಸಿ (ಸೆಲ್ಯುಲೋಸ್ ಮೂಲದ) ಅಂಟು ಅರ್ಧ ಗ್ರಾಂ. ಮಾಸ್ಕ್ ಇಲ್ಲದೆ ಪುಡಿ ಮುಟ್ಟಬೇಡಿ. ಸಿಲಿಕಾ ದೂಳು ಶ್ವಾಸಕೋಶಕ್ಕೆ ಹೊಕ್ಕರೆ ಆದ ಹಾನಿ ಸರಿಹೋಗುವುದಿಲ್ಲ.

ಕೆಲಸವೆಲ್ಲ ಮೆಗ್ನೀಷಿಯಂ ಕಾರ್ಬೋನೇಟಿನದು. ಹತ್ತಿಯಷ್ಟು ಹಗುರವಾದ ಈ ಪುಡಿ ವಿಪರೀತ ನೀರು ಕುಡಿಯುತ್ತದೆ. ಒಣಗುವಾಗ ಅಷ್ಟೇ ಕುಗ್ಗಿ ಪದರವನ್ನು ಸೀಳುತ್ತದೆ. ಭಟ್ಟಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಅರ್ಧಕ್ಕೂ ಹೆಚ್ಚು ತೂಕ ಕಳೆದುಕೊಳ್ಳುತ್ತದೆ. ಕರಗಿದ ಮೇಲೂ ಗ್ಲೇಝ್ ಹರಡದೆ, ಅಂಚು ಸುರುಳಿಕೊಂಡು ಮಣಿಯಾಗುತ್ತದೆ. ಅಂಗಡಿಯವರು ಭಾರದ ಬಗೆಯ ಪುಡಿ ಕೊಟ್ಟರೆ ಬಿರುಕು ಸರಿಯಾಗಿ ಬರುವುದಿಲ್ಲ, ಕೇಳಿಯೇ ತನ್ನಿ.

ಸ್ಟೋನ್‌ವೇರ್ (ಹೆಚ್ಚು ಕಾವಿಗೆ ಸುಡುವ) ಮಣ್ಣಿನ ಶಿಲ್ಪವನ್ನು ಮೊದಲು 950–1000 ಡಿಗ್ರಿ ಸೆಲ್ಸಿಯಸ್‌ಗೆ ಬಿಸ್ಕ್ ಮಾಡಿ (ಗ್ಲೇಝ್ ಬಳಿಯುವ ಮುನ್ನ ಒಮ್ಮೆ ಸುಟ್ಟು), ದೂಳು ಒರೆಸಿ. ಬಿರುಕಿನ ಸಂದಿಯಲ್ಲಿ ಕಾಣಲೆಂದು, ಗ್ಲೇಝಿನ ಅಡಿಗೆ ಬಳಿಯುವ ಬಣ್ಣವಾದ ಕಪ್ಪು ಅಂಡರ್‌ಗ್ಲೇಝ್ ಒಂದು ಕೈ ಬಳಿಯಿರಿ. ಅದು ಒಣಗಿದ ಮೇಲೆ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿದ ಗ್ಲೇಝನ್ನು ಬ್ರಷ್‌ನಿಂದ 2–3 ಮಿ.ಮೀ. ದಪ್ಪ ಮೆತ್ತಿ. ತೆಳುವಾದರೆ ಬರೀ ಬಿಳಿ ಬಳಿದಂತೆ ಕಾಣುತ್ತದೆ, ತೀರಾ ದಪ್ಪವಾದರೆ ಚಕ್ಕೆ ಕಳಚುತ್ತದೆ. ಅಡಿಯಿಂದ 1 ಸೆಂ.ಮೀ. ಖಾಲಿ ಬಿಡಿ.

ಮಳೆಗಾಲದ ಮಲೆನಾಡಿನಲ್ಲಿ ಬೇಗ ಒಣಗಲಿ ಎಂದು ಹೀಟರ್ ಮುಂದೆ ಇಡುವವರುಂಟು. ಹಾಗೆ ಮಾಡಿದರೆ ಅಂಚು ಮೇಲೆದ್ದು ಉದುರುತ್ತದೆ. ನೆರಳಲ್ಲೇ ಒಣಗಲಿ, ಎರಡು ದಿನ ಹಿಡಿದರೂ ಸರಿ.

ಬಿದ್ದ ಚಕ್ಕೆ ಕರಗಿ ಭಟ್ಟಿಯ ಸುರುಳಿ ತಂತಿಗೆ ಅಂಟಿದರೆ ತಂತಿಯೇ ಹೋಗುತ್ತದೆ. ಆದ್ದರಿಂದ ಶಿಲ್ಪವನ್ನು ಅಂಚೆತ್ತಿದ ಬಿಸ್ಕ್ ತಟ್ಟೆಯಲ್ಲಿಡಿ. ಚಕ್ಕೆ ಅಂಟದಿರಲೆಂದು ತಟ್ಟೆಗೆ ಅಲ್ಯುಮಿನಾ ಹೈಡ್ರೇಟ್, ಕೇಯೋಲಿನ್ (ಬಿಳಿ ಜೇಡಿ) ಸಮಸಮ ಕಲಸಿ ಬಳಿದಿರಬೇಕು. 200 ಡಿಗ್ರಿವರೆಗೆ ಗಂಟೆಗೆ 60 ಡಿಗ್ರಿ ಮೀರದಂತೆ ಏರಿಸಿ, ಆಮೇಲೆ 1220ಕ್ಕೆ ಕೊಂಡೊಯ್ದು 10 ನಿಮಿಷ ನಿಲ್ಲಿಸಿ.

ಕೊನೆಯ ನೂರು ಡಿಗ್ರಿಯಲ್ಲೇ ತೊಂದರೆ. ತೋಟದ ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ ವೋಲ್ಟೇಜ್ 230ರಿಂದ 207ಕ್ಕೆ ಇಳಿದರೆ ಭಟ್ಟಿಯ ಶಕ್ತಿ ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಗುತ್ತದೆ, ಏರಿಕೆ ಮಂದವಾಗುತ್ತದೆ. ಮೀಟರಿನ ಅಂಕಿಯೊಂದನ್ನೇ ನಂಬದೆ 6ನೇ ನಂಬರಿನ ಕೋನ್ (ನಿಗದಿತ ಕಾವಿಗೆ ಬಾಗುವ ಪುಟ್ಟ ಮಣ್ಣಿನ ಗೂಟ) ಒಳಗಿಟ್ಟು, ಅದು ಬಾಗಿದೆಯೇ ನೋಡಿ. ಉಗುರಿನಿಂದ ಕೆರೆದಾಗ ಗ್ಲೇಝ್ ಪುಡಿಪುಡಿಯಾಗಿ ಬಂದರೆ ಕಾವು ಸಾಲದು, ಮತ್ತೆ ಸುಡಿ.

ಇನ್ನೂ ಎತ್ತರ ಬೇಕೆನಿಸಿದರೆ, ಸುಟ್ಟ ಶಿಲ್ಪವನ್ನು 80 ಡಿಗ್ರಿಗೆ ಬಿಸಿ ಮಾಡಿ, ಅಂಟು ದುಪ್ಪಟ್ಟು ಹಾಕಿದ ಗ್ಲೇಝನ್ನು ಗುಡ್ಡೆಗಳ ಮೇಲಷ್ಟೇ ಮೆತ್ತಿ ಇನ್ನೊಮ್ಮೆ ಸುಡಬಹುದು. ತಟ್ಟೆ, ಲೋಟಕ್ಕೆ ಈ ಗ್ಲೇಝ್ ಬೇಡ; ಸಂದಿಗಳಲ್ಲಿ ಸೇರಿದ ಅನ್ನವನ್ನು ತೊಳೆದು ತೆಗೆಯಲಾಗದು.